ದೊಡ್ಡಪ್ಪನ ಕೆಮ್ಮು

ಅಪ್ಪನ ದನಿ ಅವಳಿಗೆ ಮರೆತುಹೋಗುತ್ತಿತ್ತು.

ಇದನ್ನು ಯಾರ ಹತ್ತಿರ ಹೇಳುವುದು? ಅಮ್ಮನ ಹತ್ತಿರ ಹೇಳಿದರೆ ಅಮ್ಮ ಸೆರಗು ಬಾಯಿಗೆ ತುರುಕಿಕೊಳ್ಳುತ್ತಾಳೆ. ಅಣ್ಣನ ಹತ್ತಿರ ಹೇಳಿದರೆ ಅಣ್ಣ ಎದ್ದು ಹೊರಗೆ ಹೋಗುತ್ತಾನೆ. ಹಾಗಾಗಿ ಡೈರಿಯಲ್ಲಿ ಬರೆದಳು. ಬರೆದ ಮೇಲೆ ಅದು ಇನ್ನೂ ನಿಜವಾಗಿ ಕಂಡಿತು. ಪುಟ ಮುಚ್ಚಿದಳು.

ಮುಖ ನೆನಪಿತ್ತು. ಬಲ ಮೊಣಕೈ ಮೇಲಿನ ಸುಟ್ಟ ಕಲೆ ನೆನಪಿತ್ತು. ಕೆಲಸ ಮುಗಿಸಿ ಬಂದವನು ಒಳಗೆ ಬಾರದೆ ಮೆಟ್ಟಿಲ ಮೇಲೆ ಕೂತು, ಅಮ್ಮ ನೀರು ಹೊಯ್ಯುವವರೆಗೆ ಬೆನ್ನು ಬಗ್ಗಿಸಿಕೊಂಡೇ ಇರುತ್ತಿದ್ದದ್ದು ನೆನಪಿತ್ತು. ಆದರೆ ಆ ನೆನಪಿನಲ್ಲಿ ಅಪ್ಪ ಬಾಯಿ ತೆರೆದರೆ ಬರುತ್ತಿದ್ದದ್ದು ಬೇರೆಯವರ ದನಿ. ಮೊದಲು ಒಂದು ಕೆಮ್ಮು. ಆಮೇಲೆ ಒಂದು ಉಸಿರಿನಷ್ಟು ಮೌನ. ಆಮೇಲೆ, "ನನ್ನ ಮಕ್ಕಳೇ..."

ಅದು ಅಪ್ಪನದಲ್ಲ. ದೊಡ್ಡಪ್ಪನದು.

ದೊಡ್ಡಪ್ಪ ಅಂದರೆ ಅವರ ಮನೆಯ ದೊಡ್ಡಪ್ಪನಲ್ಲ, ನಾಡಿಗೆಲ್ಲ ದೊಡ್ಡಪ್ಪ. ನಾಡು ಕಟ್ಟಿದವರು. ನೋಟಿನ ಮೇಲೆ ಇದ್ದರು, ಶಾಲೆಯ ಗೋಡೆಯ ಮೇಲೆ ಇದ್ದರು, ಪೊಲೀಸ್ ಠಾಣೆಯಲ್ಲಿ ಕುರ್ಚಿಯ ಹಿಂದೆ ಇದ್ದರು. ಸತ್ತು ಒಂದು ತಲೆಮಾರೇ ಕಳೆದಿತ್ತು. ಆದರೂ ಚೌಕದ ಕಂಬಗಳಿಗೆ ಕಟ್ಟಿದ ಲೌಡ್‌ಸ್ಪೀಕರ್‌ಗಳಲ್ಲಿ ಪ್ರತಿದಿನ ಬೆಳಗ್ಗೆ ಅವರು ಕೆಮ್ಮುತ್ತಿದ್ದರು. ಚೌಕದ ಹಿಂದಿನ ಗಲ್ಲಿಯಲ್ಲಿ ಹುಟ್ಟಿದವರು ಆ ಕೆಮ್ಮು ಕೇಳಿಯೇ ಏಳುತ್ತಿದ್ದರು.

"ನಿಮ್ಮಪ್ಪನಿಗೆ ಅಣ್ಣನೇ ಇರ್ಲಿಲ್ಲ," ಎಂದು ಅಜ್ಜಿ ಹಾಸಿಗೆಯಲ್ಲಿ ಮಗ್ಗಲು ಬದಲಿಸುತ್ತ ಗೊಣಗುತ್ತಿದ್ದಳು. "ಇವರ್ಯಾವ ಕಡೆಯಿಂದ ನಿಂಗೆ ದೊಡ್ಡಪ್ಪ ಆದ್ರೋ ಕಾಣೆ."

ಆ ಕೆಮ್ಮು ಒಂದು ಗೀಳಿನಂತೆ ಊರಿಗೆ ಅಂಟಿತ್ತು. ನಗರಸಭೆಯ ಅಧ್ಯಕ್ಷರು ಮಾತಿಗೆ ಮೊದಲು ಹಾಗೇ ಕೆಮ್ಮುತ್ತಿದ್ದರು. ಅವರನ್ನು ಬೈಯುವ ವಿರೋಧ ಪಕ್ಷದವರೂ ಹಾಗೇ ಕೆಮ್ಮಿ ಬೈಯುತ್ತಿದ್ದರು. ಹಾಗೇ ಮೌನ, ಹಾಗೇ ಎಡಗೈ ಎದೆಯ ಮೇಲೆ. ಚುನಾವಣೆ ಬಂದರೆ ಊರಿಗೇ ಕ್ಷಯ ಬಡಿದಂತೆ ಕೇಳಿಸುತ್ತಿತ್ತು.

ದೊಡ್ಡಪ್ಪ ನಾಡು ಕಟ್ಟಿದ ಹೊಸತರಲ್ಲಿ ಇದೇ ಚೌಕಕ್ಕೆ ಬಂದಿದ್ದರು. ಆಗ ಅವಳ ತಾತ ಚೌಕದ ಮಲದ ಗುಂಡಿಯಿಂದ ಆಗಷ್ಟೇ ಮೇಲೆ ಬಂದಿದ್ದ. ಮೈಯೆಲ್ಲ ಹೊಲಸು. ದೊಡ್ಡಪ್ಪ ಕಾರಿನಿಂದ ಇಳಿದು, ಎಲ್ಲರೂ ಬೇಡಬೇಡ ಅಂದರೂ ಕೇಳದೆ, ತಾತನ ಕೈ ಹಿಡಿದುಕೊಂಡರು. ಹಿಡಿದುಕೊಂಡೇ ಮಾತಾಡಿದರು. ಇಂದಿನಿಂದ ಈ ನಾಡಿನಲ್ಲಿ ಒಬ್ಬ ಮನುಷ್ಯನೂ ಇನ್ನೊಬ್ಬನ ಹೊಲಸಿಗೆ ಇಳಿಯುವುದಿಲ್ಲ. ಇದೇ ನಮ್ಮ ಮೊದಲ ಕಾನೂನು. ಜನ ಅತ್ತರು. ಆ ಫೋಟೋ ಪಠ್ಯಪುಸ್ತಕಕ್ಕೆ ಹೋಯಿತು.

ಮರುದಿನ ಗುಂಡಿ ಕಟ್ಟಿಕೊಂಡಿತು. ತಾತ ಇಳಿದ.

"ಅವರು ಮಾತು ಹೇಳಿ ಹೋದ್ರು. ಗುಂಡಿ ಕೇಳಿಸಿಕೊಳ್ಳಲಿಲ್ಲ," ಎನ್ನುತ್ತಿದ್ದಳು ಅಜ್ಜಿ. "ಸುಳ್ಳುಗಾರರಲ್ಲ ಕಣೇ ಅವರು. ಕಣ್ಣಲ್ಲಿ ನೀರಿತ್ತು, ನಾನೇ ನೋಡಿದ್ದೀನಿ. ಸುಳ್ಳುಗಾರ ಆಗಿದ್ರೆ ಬೈದು ಕೈ ತೊಳ್ಕೋಬಹುದಿತ್ತು. ಒಳ್ಳೆಯವರು. ಅದೇ ಆಗಿದ್ದು ಎಡವಟ್ಟು. ಒಳ್ಳೆಯವರ ಮಾತು ಸುಳ್ಳಾಯ್ತು ಅನ್ನೋಕೆ ಯಾರಿಗೂ ಬಾಯೇ ಬರಲ್ಲ."

ಯಾರಿಗೂ ಬಾಯಿ ಬರಲಿಲ್ಲ. ತಾತ ಇಳಿದ, ಅಪ್ಪ ಇಳಿದ. ಕಾನೂನಿನಲ್ಲಿ ಇಳಿಯುವುದೇ ಇಲ್ಲ. ಇಳಿಯುವುದೇ ಇಲ್ಲವಾದ್ದರಿಂದ ಇಳಿಯುವವರಿಗೆ ಬೂಟಿಲ್ಲ, ಮುಖಕ್ಕೆ ಮುಸುಕಿಲ್ಲ, ಕೈಗೆ ಗವಸಿಲ್ಲ. ಇಲ್ಲದ ಕೆಲಸಕ್ಕೆ ಏನು ಕೊಡುವುದು?

ಇದ್ದದ್ದು ಒಂದು ಹಗ್ಗ, ಒಂದು ಬಕೆಟ್ಟು, ಒಂದು ಮಾತು.

ಆ ಮಾತನ್ನು ಗಲ್ಲಿಯ ಮಕ್ಕಳು ಆಟದಲ್ಲೇ ಕಲಿಯುತ್ತಿದ್ದವು. ಒಬ್ಬ ಕೆಳಗೆ ಇಳಿಯುತ್ತಾನೆ, ಹಗ್ಗ ಹಿಡಿದು ಒಬ್ಬ ಮೇಲೆ ನಿಲ್ಲುತ್ತಾನೆ. ಮೇಲಿನವನು ಕೂಗಬೇಕು, "ಇದ್ದೀಯಾ?" ಕೆಳಗಿನವನು ಕೂಗಬೇಕು, "ಇದ್ದೀನಿ!" ಹೂಳು ತೋಡುವಾಗಲೂ, ಬಕೆಟ್ಟು ತುಂಬುವಾಗಲೂ ನಿಲ್ಲಿಸುವ ಹಾಗಿಲ್ಲ. ಕೆಟ್ಟ ಗಾಳಿ ಹೇಳಿ ಕೇಳಿ ಬರುವುದಿಲ್ಲ. ಉತ್ತರ ತಡವಾಯಿತೋ, ಹಗ್ಗ ಎಳೆಯಬೇಕು. ಯೋಚಿಸಬಾರದು.

ಹೋದ ವರ್ಷ ದೊಡ್ಡಪ್ಪನ ದಿನದಂದು, ಅವರ ಆ ಭಾಷಣದ ನೆನಪಿಗೆ ಊರು ವರ್ಷವೂ ಆಚರಿಸುವ ದಿನದಂದು, ಚೌಕದ ಗುಂಡಿ ಉಕ್ಕಿತು. ಅಪ್ಪ ಇಳಿದ. ಅಣ್ಣ ಹಗ್ಗ ಹಿಡಿದ. ನೆತ್ತಿಯ ಮೇಲೇ ಲೌಡ್‌ಸ್ಪೀಕರ್. ದೊಡ್ಡಪ್ಪ ಕೆಮ್ಮಿದರು. ದಿನಕ್ಕಿಂತ ಜೋರಾಗಿ, ದೊಡ್ಡ ದಿನವಲ್ಲವೇ. ಅಣ್ಣ ಕೂಗಿದ. ಕೆಳಗಿನಿಂದ ಏನೋ ಕೇಳಿಸಿತು ಅಂದುಕೊಂಡ. ಮತ್ತೆ ಕೂಗಿದ. ಮತ್ತೆ ಕೇಳಿಸಿತು ಅಂದುಕೊಂಡ. ಒಬ್ಬ ಮನುಷ್ಯನೂ ಇಳಿಯುವುದಿಲ್ಲ ಎಂದು ದೊಡ್ಡಪ್ಪ ಹೇಳುತ್ತಿದ್ದರು. ಭಾಷಣ ಮುಗಿಯಿತು, ಚಪ್ಪಾಳೆ ಮುಗಿಯಿತು. ಅಣ್ಣ ಇನ್ನೊಮ್ಮೆ ಕೂಗಿದ. ಆಗ ಚೌಕ ನಿಶ್ಶಬ್ದವಾಗಿತ್ತು. ಗುಂಡಿಯೂ.

ಠಾಣೆಯಲ್ಲಿ ಬರೆದುಕೊಂಡದ್ದು: ಕುಡಿದು, ಮುಚ್ಚಳ ತೆಗೆದ ಗುಂಡಿಗೆ ಕಾಲು ಜಾರಿ ಬಿದ್ದ.

"ಇಳಿಸಿದ್ರು ಸಾರ್," ಅಂದಿದ್ದಳು ಅಮ್ಮ.

"ಇಳಿಯೋದೇ ಇಲ್ಲ ಅಂದ್ಮೇಲೆ ಇಳಿಸೋದು ಹೇಗಮ್ಮಾ?" ಆ ಪೊಲೀಸಿನವನು ಕೆಟ್ಟವನಲ್ಲ. ಅಮ್ಮನಿಗೆ ಕುರ್ಚಿ ಕೊಟ್ಟಿದ್ದ. ಗೋಡೆಯ ಮೇಲಿನ ಪಟ ತೋರಿಸಿದ. "ಅವರ ಮಾತನ್ನ ನಾನು ಸುಳ್ಳು ಮಾಡ್ಲಾ?"

ಅಪ್ಪ ಕುಡಿಯುತ್ತಿದ್ದ. ಕುಡಿಯದೆ ಯಾರು ತಾನೆ ಅಲ್ಲಿಗೆ ಇಳಿದಾರು? ಆದರೆ ಆ ದಿನ ಕುಡಿದಿರಲಿಲ್ಲ. ದೊಡ್ಡಪ್ಪನ ದಿನ ಹೆಂಡದಂಗಡಿಗೆ ಬೀಗ. ಅದನ್ನು ಹೇಳಬೇಕೆಂದು ಅವಳು ಅಮ್ಮನ ಹಿಂದೆ ನಿಂತು ಬಾಯಿ ತೆರೆದಿದ್ದಳು. ಗಂಟಲಿನಿಂದ ಗಾಳಿ ಬಂತು. ಮಾತು ಬರಲಿಲ್ಲ. ಅವಳು ಮೊದಲಿನಿಂದಲೂ ಹಾಗೆ. ಕಾಲೇಜಿನಲ್ಲಿ ಹಾಜರಿ ಕೂಗಿದಾಗ ಕೈಯೆತ್ತುತ್ತಿದ್ದಳು. ಗಲ್ಲಿಯಲ್ಲಿ ಓದಿದವಳು ಅವಳೊಬ್ಬಳೇ ಆದ್ದರಿಂದ ಎಲ್ಲರೂ ಅವಳನ್ನು 'ಡಿಗ್ರಿ' ಎಂದೇ ಕರೆಯುತ್ತಿದ್ದರು. ಅದಕ್ಕೂ ಅವಳು ಬರೀ ತಲೆಯಾಡಿಸುತ್ತಿದ್ದಳು.

ಅಪ್ಪ ಸತ್ತ ಮೇಲೆ ಅವಳಿಗೆ ದೊಡ್ಡಪ್ಪನ ಸ್ಮಾರಕ ಭವನದಲ್ಲಿ ಹಂಗಾಮಿ ಕೆಲಸ ಸಿಕ್ಕಿತು. ದೊಡ್ಡಪ್ಪನ ಕನ್ನಡಕ, ಊರುಗೋಲು, ಚಪ್ಪಲಿ ಒರೆಸಿಡುವುದು. ಚಪ್ಪಲಿ ಮುಟ್ಟುವ ಮುಂಚೆ ಬಿಳಿ ಕೈಗವಸು ಹಾಕಿಕೊಳ್ಳಬೇಕು. ಬೆವರು ತಾಗಿದರೆ ತೊಗಲು ಹಾಳು. ಅದೇ ಹೊತ್ತಿಗೆ ಅಣ್ಣ ಅಪ್ಪನ ಜಾಗಕ್ಕೆ ಇಳಿದ, ಬರಿಗೈಯಲ್ಲಿ. ಹಗ್ಗ ಅಮ್ಮನ ಕೈಗೆ ಬಂತು. ಗಲ್ಲಿಯ ಬೇರೆ ಗಂಡಸರ ಕೈಗೆ ಹಗ್ಗ ಕೊಡಲು ಅಮ್ಮ ಒಪ್ಪಲಿಲ್ಲ.

ಒಂದು ಸಂಜೆ ಅವಳು, ಭವನದವರು ಹಳೆಯದಾಯಿತೆಂದು ಎಸೆದ ಒಂದು ಜೊತೆ ಕೈಗವಸು ತಂದು ಅಣ್ಣನ ಮುಂದಿಟ್ಟಳು. ಅಣ್ಣನ ಉಗುರುಗಳ ಬುಡ ಕೊಳೆತಿತ್ತು. ಬೆರಳ ಸಂದಿಯಲ್ಲಿ ಚರ್ಮ ಸುಲಿದು ಬಿಳಿಚಿಕೊಂಡಿತ್ತು. ಎಷ್ಟು ತಿಕ್ಕಿದರೂ ಊಟದ ಹೊತ್ತಿಗೆ ಆ ಕೈಯನ್ನು ಮೂಗಿನ ಹತ್ತಿರ ತರಲಾಗದೆ ಚಮಚದಲ್ಲಿ ತಿನ್ನುತ್ತಿದ್ದ. ಕೈಗವಸು ಹಾಕಿಕೊಂಡು ಬೆರಳಾಡಿಸಿ ನೋಡಿದ.

"ಡಿಗ್ರಿ, ಇದನ್ನ ಹಾಕ್ಕೊಂಡು ಇಳಿದ್ರೆ ಗುಂಡಿ ಎದ್ದು ನಿಂತು ನಮಸ್ಕಾರ ಮಾಡುತ್ತೆ," ಅಂದ. ಬಿಚ್ಚಿ ಹಿಂದಕ್ಕೆ ಕೊಟ್ಟ. "ನೀನೇ ಇಟ್ಕೋ. ಚಪ್ಪಲಿಗೆ ನೋವಾದೀತು."

ಈ ವರ್ಷದ ದೊಡ್ಡಪ್ಪನ ದಿನಕ್ಕೆ ರಾಜಧಾನಿಯಿಂದ ಮಂತ್ರಿಗಳು ಬರುವವರಿದ್ದರು. ಹಿಂದಿನ ಸಂಜೆ ನಗರಸಭೆಯ ಮೇಸ್ತ್ರಿ ಮನೆಗೆ ಬಂದ. ಒಳಗೆ ಬರಲಿಲ್ಲ. ಹೊಸ್ತಿಲ ಆಚೆ ನಿಂತು, ಮೂಗಿಗೆ ಕರವಸ್ತ್ರ ಹಿಡಿದ.

"ನಾಳೆ ನಿನ್ನ ಮಗಳು ವೇದಿಕೆ ಮೇಲೆ," ಎಂದು ಅಮ್ಮನಿಗೆ ಹೇಳಿದ. "ಅಧ್ಯಕ್ಷರೇ ಆರಿಸಿದ್ದು. ಫೋಟೋದಲ್ಲಿ ಇರೋ ಕೈಯ ಮೊಮ್ಮಗಳು ಅಲ್ವಾ!"

ಅವನು ಹೇಳಿದ್ದು ಸರಿಯಾಗಿತ್ತು. ಹೊಸ ಫ್ಲೆಕ್ಸ್‌ಗಳಲ್ಲಿ ತಾತನ ಮುಖ ಇರಲಿಲ್ಲ. ದೊಡ್ಡಪ್ಪನ ಪಕ್ಕ ಅಧ್ಯಕ್ಷರ ಮುಖ ಹಾಕಲು ಜಾಗ ಬೇಕಾಗಿ ತಾತನನ್ನು ಮಣಿಕಟ್ಟಿನವರೆಗೆ ಕತ್ತರಿಸಿದ್ದರು. ಉಳಿದದ್ದು ಒಂದು ಕೈ.

"ಏನು ಹೇಳ್ಬೇಕು ಇವಳು?" ಎಂದಳು ಅಮ್ಮ.

"ನಾಲ್ಕೇ ಮಾತು. ನಮ್ಮ ತಾತನ ಕೈಯನ್ನು ದೊಡ್ಡಪ್ಪನವರು ಹಿಡಿದರು. ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ಇಳಿದಿಲ್ಲ. ನಾನು ಪದವೀಧರೆ. ಇದು ಅವರ ಕೊಡುಗೆ. ಅಷ್ಟೇ. ಇವಳು ಹೇಳಿ ಮುಗಿಸಿದ ತಕ್ಷಣ ದೊಡ್ಡಪ್ಪನವರ ದನಿ ಹಾಕ್ತಾರೆ. ಮಂತ್ರಿಗಳು ಕಣ್ಣೊರೆಸ್ಕೋತಾರೆ." ಅವನು ದನಿ ತಗ್ಗಿಸಿದ. "ಭವನದ ಕೆಲಸ ಖಾಯಂ. ಮಗನಿಗೂ ಅಲ್ಲೇ ತೋಟದ ಕೆಲಸ. ಗುಂಡಿ ಸಹವಾಸ ಮುಗೀತು ಅಂತ ತಿಳ್ಕೊ. ಅಧ್ಯಕ್ಷರು ಮಾತು ಕೊಟ್ಟಿದ್ದಾರೆ."

"ಕೆಮ್ಮಿ ಕೊಟ್ರಾ, ಕೆಮ್ಮದೆ ಕೊಟ್ರಾ?" ಒಳಗಿನಿಂದ ಅಜ್ಜಿ ಕೇಳಿದಳು.

ಮೇಸ್ತ್ರಿಗೆ ಅರ್ಥವಾಗಲಿಲ್ಲ. ಅಣ್ಣ ಗೋಡೆಗೆ ಮುಖ ತಿರುಗಿಸಿ ನಕ್ಕ. ಅಪ್ಪ ಹೋದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಅಮ್ಮ ನಗಲಿಲ್ಲ. "ತೋಟದ ಕೆಲಸ," ಎಂದು ಒಮ್ಮೆ ಹೇಳಿಕೊಂಡಳು. ಆಮೇಲೆ ಮಗಳ ಕಡೆ ನೋಡಿದಳು. ಆ ನೋಟಕ್ಕೆ ಅವಳು ತಲೆಯಾಡಿಸಿದಳು.

ಬೆಳಗ್ಗೆ ಅವಳು ಇಸ್ತ್ರಿ ಮಾಡಿದ ಸೀರೆಯುಟ್ಟು ಚೌಕಕ್ಕೆ ಬಂದಾಗ ವೇದಿಕೆಯ ಹಿಂದೆ ನೀರು ನಿಂತಿತ್ತು. ಕಪ್ಪು ನೀರು. ಗಣ್ಯರಿಗೆಂದು ರಾತ್ರೋರಾತ್ರಿ ನಿಲ್ಲಿಸಿದ ಶೌಚಾಲಯಗಳ ಪೈಪನ್ನು ಹಳೆ ಗುಂಡಿಗೇ ಜೋಡಿಸಿದ್ದರು. ಗುಂಡಿ ಉಕ್ಕಿತ್ತು. ಅದೇ ಗುಂಡಿ. ಸುತ್ತಲೂ ಬಿಳಿ ಬಟ್ಟೆಯ ಪರದೆ ಕಟ್ಟಿದ್ದರು. ಪರದೆಯ ಮೇಲೆ ದೊಡ್ಡಪ್ಪ ತಾತನ ಕೈ ಹಿಡಿದು ನಿಂತಿದ್ದರು.

ಪರದೆ ಸರಿಸಿ ಒಳಗೆ ಹೋದಳು. ಅಣ್ಣ ಅಂಗಿ ಬಿಚ್ಚಿ ಸೊಂಟಕ್ಕೆ ಹಗ್ಗ ಬಿಗಿಯುತ್ತಿದ್ದ. ಮೈಗೆ ಎಣ್ಣೆ ಹಚ್ಚಿಕೊಂಡಿದ್ದ. ಅಮ್ಮ ಹಗ್ಗದ ಇನ್ನೊಂದು ತುದಿಯನ್ನು ಮಣಿಕಟ್ಟಿಗೆ ಸುತ್ತಿಕೊಳ್ಳುತ್ತಿದ್ದಳು.

"ಇವತ್ತು ಬೇಡ ಅಮ್ಮ."

ಎಷ್ಟು ಮೆತ್ತಗೆ ಹೇಳಿದಳು ಅಂದರೆ ಅಮ್ಮ ತುಟಿ ನೋಡಿ ತಿಳಿದುಕೊಂಡಳು.

"ಇವತ್ತೊಂದೇ ದಿನ ಅಂತೆ. ನಾಳೆಯಿಂದ ತೋಟ," ಅಂದಳು ಅಮ್ಮ. "ಈಗ ಒಲ್ಲೆ ಅಂದ್ರೆ ಅದೂ ಹೋಗುತ್ತೆ, ಇದೂ ಹೋಗುತ್ತೆ."

"ಅದನ್ನ ಹಾಕ್ತಾರೆ. ಆ ದನಿ."

"ಅದು ಕೊನೇಲಿ. ಅಧ್ಯಕ್ಷರ ಭಾಷಣ ಅಂದ್ರೆ ಮುಗಿಯೋ ಮಾತಾ? ಅಷ್ಟರಲ್ಲಿ ಇವನು ಮೇಲೆ ಬಂದು ಸ್ನಾನಾನೂ ಮಾಡಿರ್ತಾನೆ."

ಅಣ್ಣ ಗುಂಡಿಯ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟ. ಒಳಗೋಡೆಯ ಮೊದಲ ಕಬ್ಬಿಣದ ಹಿಡಿಕೆಗೆ ಕಾಲು ತಾಗಿಸಿ ಮೇಲೆ ನೋಡಿದ. "ನೀನು ವೇದಿಕೆ ಹತ್ತು, ನಾನು ಇಳೀತೀನಿ. ನೋಡೋಣ ಯಾರು ಮೊದಲು ಉಸಿರು ಬಿಡ್ತಾರೆ ಅಂತ," ಅಂದ. "ಸೀರೆ ಎತ್ತಿ ಹಿಡ್ಕೊಳೆ, ಡಿಗ್ರಿ. ಕೊಳೆಯಾಗುತ್ತೆ."

ಅವನ ತಲೆ ಒಳಗೆ ಹೋಯಿತು. ಉಕ್ಕಿದ ನೀರು ಅಷ್ಟರಲ್ಲಿ ಆಳಕ್ಕೆ ಇಳಿದು ಎದೆಮಟ್ಟಕ್ಕೆ ನಿಂತಿತ್ತು. ಅಂಚು ಹಿಡಿದ ಒಂದು ಕೈ ಮಾತ್ರ ಮೇಲಿತ್ತು. ಆ ಕೈಯೂ ಹೋಯಿತು.

"ಇದ್ದೀಯಾ?" ಎಂದಳು ಅಮ್ಮ.

"ಇದ್ದೀನಿ!"

ಮೇಸ್ತ್ರಿ ಬಂದು ಅವಳನ್ನು ವೇದಿಕೆಗೆ ಕರೆದುಕೊಂಡು ಹೋದ. ಅವಳ ತೋಳು ಹಿಡಿಯಲಿಲ್ಲ. ಸೀರೆಯ ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ನಡೆಸಿದ. ಹಿಂದಿನ ಸಾಲಿನಲ್ಲಿ ಒಂದು ಸ್ಟೂಲು. ಅದರ ಮೇಲೆ ಮಾತ್ರ ಬಟ್ಟೆ ಹಾಸಿರಲಿಲ್ಲ.

ಅಧ್ಯಕ್ಷರು ಕೆಮ್ಮಿದರು. ಮೌನ. ಎಡಗೈ ಎದೆಯ ಮೇಲೆ. "ನನ್ನ ಮಕ್ಕಳೇ..."

ಅವಳಿಗೆ ಮುಂದಿನದು ಕೇಳಿಸಲಿಲ್ಲ. ಅವಳು ಹಿಂದಕ್ಕೆ ಕಿವಿ ಕೊಟ್ಟಿದ್ದಳು. ಅಧ್ಯಕ್ಷರು ಉಸಿರೆಳೆದುಕೊಳ್ಳುವ ಪ್ರತಿ ಸಂದಿಯಲ್ಲೂ ಪರದೆಯ ಹಿಂದಿನಿಂದ ಒಂದು ಎಳೆ ಬರುತ್ತಿತ್ತು. ಇದ್ದೀಯಾ. ಆಮೇಲೆ, ಬಾವಿಯ ತಳದಿಂದ ಬಂದ ಹಾಗೆ, ಇದ್ದೀನಿ. ಆ ಎರಡನೆಯದು ಬರುವವರೆಗೆ ಅವಳೂ ಉಸಿರು ಬಿಡುತ್ತಿರಲಿಲ್ಲ.

ಮಂತ್ರಿಗಳು ಗಡಿಯಾರ ನೋಡಿಕೊಂಡರು. ಪಕ್ಕದವನ ಕಿವಿಯಲ್ಲಿ ಏನೋ ಹೇಳಿದರು. ಪಕ್ಕದವನು ಅಧ್ಯಕ್ಷರ ಹಿಂದೆ ಹೋಗಿ ಕೋಟು ಜಗ್ಗಿದ. ಅಧ್ಯಕ್ಷರು ಒಂದು ವಾಕ್ಯದ ನಡುವೆಯೇ ಮಾತು ನಿಲ್ಲಿಸಿದರು.

"ಸಮಯದ ಅಭಾವದಿಂದ," ಅಂದರು, "ನಾನು ಹೆಚ್ಚು ಮಾತಾಡುವುದಿಲ್ಲ. ಮಾತಾಡಬೇಕಾದವಳು ಈ ಹೆಣ್ಣುಮಗಳು. ದೊಡ್ಡಪ್ಪನವರು ಹಿಡಿದ ಆ ಕೈಯ ಕುಡಿ."

ಚಪ್ಪಾಳೆ. ಇಷ್ಟು ಬೇಗ. ಅವಳು ಎದ್ದು ನಿಂತಳು. ಮೈಕಿನ ಮುಂದೆ ಬಂದಳು. ವೇದಿಕೆಯ ಪಕ್ಕದಲ್ಲಿ ಮೈಕಿನವನು ದೊಡ್ಡಪ್ಪನ ದನಿ ಹಾಕುವ ಗುಂಡಿಯ ಮೇಲೆ ಬೆರಳಿಟ್ಟು ಅವಳನ್ನೇ ನೋಡುತ್ತಿದ್ದ.

ಚಪ್ಪಾಳೆ ನಿಂತಿತು.

"ಇದ್ದೀಯಾ?" ಪರದೆಯ ಹಿಂದೆ ಅಮ್ಮ.

"ಇದ್ದೀನಿ."

ಮೊದಲಿನಷ್ಟು ಗಟ್ಟಿಯಾಗಿರಲಿಲ್ಲ.

ತಾನು ಸುಮ್ಮನೆ ನಿಂತಿರುವವರೆಗೆ ಆ ದನಿ ಬರುವುದಿಲ್ಲ ಎಂದು ಅವಳಿಗೆ ಹೊಳೆಯಿತು. ಅವಳಿಗೆ ಗೊತ್ತಿದ್ದ ಕೆಲಸ ಅದೊಂದೇ. ಸುಮ್ಮನೆ ನಿಂತಳು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಚೌಕದ ನಡುವಿನ ಪ್ರತಿಮೆ ಕೈ ಚಾಚಿಕೊಂಡು ನಿಂತಿತ್ತು.

"ಮಾತಾಡೇ," ಮೇಸ್ತ್ರಿ ಹಲ್ಲು ಕಚ್ಚಿದ. "ನಾಲ್ಕು ಮಾತು! ಬಾಯಲ್ಲಿ ಏನಿಟ್ಕೊಂಡಿದ್ದೀಯ?"

"ಭಾವುಕಳಾಗಿದ್ದಾಳೆ," ಅಧ್ಯಕ್ಷರು ಮಂತ್ರಿಗಳಿಗೆ ಹೇಳಿದರು. "ಸಹಜ. ಇವಳ ತಂದೆ ಹೋದ ವರ್ಷ ಆಕಸ್ಮಿಕವಾಗಿ ತೀರಿಕೊಂಡ. ಕುಡಿತ." ಮಂತ್ರಿಗಳು ಚ್ಚು ಚ್ಚು ಎಂದರು.

"ಇದ್ದೀಯಾ?" ಅಮ್ಮನ ದನಿ ಈ ಸಲ ಏರಿತ್ತು.

ಅವಳು ಕಾದಳು.

ಅಧ್ಯಕ್ಷರು ಮೈಕಿನವನಿಗೆ ಕಣ್ಸನ್ನೆ ಮಾಡಿದರು. ಅವನು ಗುಂಡಿ ಒತ್ತಿದ. ಕಂಬಗಳ ಮೇಲೆ ಲೌಡ್‌ಸ್ಪೀಕರ್‌ಗಳು ಗೊರಗುಟ್ಟಿದವು. ದೊಡ್ಡಪ್ಪ ಕೆಮ್ಮಿದರು. ಊರೇ ಅವರ ಜೊತೆ ಗಂಟಲು ಸರಿಮಾಡಿಕೊಂಡಿತು. ಈಗ ಅವರು ಅತ್ತ ತಿರುಗುತ್ತಾರೆ, ತಾತನ ಕೈ ಹಿಡಿಯುತ್ತಾರೆ, ಕಣ್ಣಲ್ಲಿ ನೀರು ತಂದುಕೊಳ್ಳುತ್ತಾರೆ. ನಿಜವಾದ ನೀರು. ಒಳ್ಳೆಯವರ ನೀರು. ಅದರ ಕೆಳಗೆ ಅಮ್ಮನ ಕೂಗು ಮುಳುಗುತ್ತದೆ.

ಕೆಮ್ಮು ಮುಗಿಯಿತು. ಒಂದು ಉಸಿರಿನಷ್ಟು ಮೌನ.

ಆ ಮೌನ ಅವಳಿಗೆ ಹುಟ್ಟಿದಾಗಿನಿಂದ ಗೊತ್ತಿತ್ತು. ಎಷ್ಟು ಉದ್ದ, ಎಲ್ಲಿ ಮುಗಿಯುತ್ತದೆ, ಎಲ್ಲ. ಯಾರೂ ಆ ಜಾಗದಲ್ಲಿ ಮಾತಾಡಿದ್ದಿಲ್ಲ. ಅವಳು ಮೈಕನ್ನು ಎರಡೂ ಕೈಯಲ್ಲಿ ಹಿಡಿದಳು. ಬಾಯಿ ತೆರೆದಳು. ಗಾಳಿಯಲ್ಲ, ದನಿ ಬಂತು. ಒರಟು ದನಿ, ಕೆಳಗಿನಿಂದ ಮೇಲಕ್ಕೆ ಕೂಗಿ ಕೂಗಿ ಒಡೆದುಹೋದಂಥ ದನಿ. ಎಲ್ಲ ಕಂಬಗಳಿಂದ ಅದು ಒಟ್ಟಿಗೇ ಹೊರಬಿದ್ದಾಗ ಅವಳಿಗೆ ಗುರುತು ಸಿಕ್ಕಿತು. ಇದು ಅಪ್ಪನದು. ಇಷ್ಟು ದಿನ ತನ್ನ ಗಂಟಲಲ್ಲೇ ಇತ್ತು.

"ಇದನ್ನ ನಿಲ್ಲಿಸಿ! ನಮ್ಮಪ್ಪ ಕುಡಿದು ಬೀಳಲಿಲ್ಲ, ನೀವು ಇಳಿಸಿದ್ರಿ. ಈಗ ನಮ್ಮಣ್ಣ ಕೆಳಗಿದ್ದಾನೆ!"